ಸಿಡಿಲು ದೂರವಿದ್ದಾಗ ಓದುವ ಸೆನ್ಸರ್ ಮೋಡ ಹತ್ತಿರ ಬಂದೊಡನೆ ಸುಮ್ಮನಾಗುತ್ತದೆ, ಸಹಾಯ ಬೇಕು

ತೆಂಗಿನಸೀಮೆ · ಸೋಮವಾರ, ರಾತ್ರಿ 10.12

2024ರ ಏಪ್ರಿಲ್ ಪೂರ್ತಿ ಒಣಗಿಯೇ ಹೋಯಿತು. ಮೇ ಬಂದು ಗುಡುಗು ಶುರುವಾಗಿದೆ ಎನ್ನುವಷ್ಟರಲ್ಲಿ ಸೆನ್ಸರ್ ಕೈಕೊಡುತ್ತಿದೆ. ಸಿಡಿಲು ಪತ್ತೆಹಚ್ಚುವ ಎಎಸ್3935 ಚಿಪ್ಪಿನ ಬೋರ್ಡನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದ್ದೇನೆ. ಊರು ತಿಪಟೂರಿನ ಪಕ್ಕ.

ಮಧ್ಯಾಹ್ನ ಮೂರರ ಹೊತ್ತಿಗೆ ಕಡೂರಿನ ಕಡೆ ಮೋಡ ಏಳುತ್ತದೆ. ಅದು ಹತ್ತಿರವಾಗುತ್ತಿದ್ದಂತೆ ಸೆನ್ಸರ್ ತೋರಿಸುವ ದೂರ 40, 37, 34 ಕಿ.ಮೀ. ಎಂದು ಸರಿಯಾಗಿಯೇ ಇಳಿದು ಬರುತ್ತದೆ. ಅರಸೀಕೆರೆ ದಾಟುವಾಗ 24, 20. ಅಲ್ಲಿಂದಾಚೆಗೆ ಒಂದು ಸಾಲೂ ಇಲ್ಲ. ಹೊರಗೆ ಕಿಟಕಿಯ ಗಾಜು ಅದುರುವ ಹಾಗೆ ಗುಡುಗುತ್ತಿದ್ದರೂ ಪರದೆಯ ಮೇಲೆ ಕೊನೆಯ ಸಾಲು 20 ಕಿ.ಮೀ. ಎಂದೇ ನಿಂತಿರುತ್ತದೆ. ಮಳೆ ನಿಂತು ಒಂದೆರಡು ಗಂಟೆಯಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಬೋರ್ಡು ಬದಲಿಸಿ ನೋಡಿದೆ, ಹೊಸದರಲ್ಲಿಯೂ ಅದೇ ಹಾಡು.

ಉಪಗ್ರಹ ಚಿತ್ರ ನೋಡಿ ಎಂದು ದಯವಿಟ್ಟು ಹೇಳಬೇಡಿ. ಇನ್ಸಾಟ್‌ನ ಅವಕೆಂಪು ಚಿತ್ರದಲ್ಲಿ ಮೋಡದ ತಲೆ ಹರಡಿಕೊಂಡು ಇಡೀ ತಾಲ್ಲೂಕನ್ನು ಮುಚ್ಚಿರುತ್ತದೆ. ಸುರಿಯುವ ತಿರುಳು ಎಲ್ಲಿದೆ ಎಂದು ಅದರಲ್ಲಿ ತಿಳಿಯುವುದಿಲ್ಲ. ತೋಟದಲ್ಲಿ ಕೆಲಸ ಮಾಡುವವರನ್ನು ತೆಂಗಿನ ಮರಗಳ ನಡುವಿನಿಂದ ಸಮಯಕ್ಕೆ ಸರಿಯಾಗಿ ಕರೆಸಿಕೊಳ್ಳಲು ನನಗೆ ಬೇಕಾಗಿರುವುದು ಆ ಕೊನೆಯ 20 ಕಿ.ಮೀ. ಮಾತ್ರ. ಏನು ಮಾಡಬೇಕು?

ಸುರುಳಿ500 · ಸೋಮವಾರ, ರಾತ್ರಿ 10.31

ಆಂಟೆನಾ ಟ್ಯೂನಿಂಗ್. ಬೇರೆ ಏನನ್ನೂ ಹುಡುಕಬೇಡಿ. ಸುರುಳಿ 500 ಕಿಲೋಹರ್ಟ್ಸ್‌ಗೆ ಅನುರಣಿಸಬೇಕು, ಹೆಚ್ಚು ಕಡಿಮೆ 3.5 ಶೇಕಡಾ ಒಳಗೆ. ಚಿಪ್ ಸೂಚನೆ ಕೊಡುವ ಐಆರ್‌ಕ್ಯೂ ಪಿನ್ನಿಗೆ ಆವರ್ತನವನ್ನು ಹೊರಡಿಸಿ ಅಳೆಯಿರಿ. 16ರಿಂದ ಭಾಗಿಸಿ ಬರುವುದರಿಂದ 31.25 ಕಿಲೋಹರ್ಟ್ಸ್ ಸಿಗಬೇಕು. ಅಗ್ಗದ ಬೋರ್ಡುಗಳಲ್ಲಿ ಇದು ಎಲ್ಲೆಲ್ಲೋ ಇರುತ್ತದೆ.

ತೆಂಗಿನಸೀಮೆ · ಸೋಮವಾರ, ರಾತ್ರಿ 11.05

ಅಳೆದೆ. ಟ್ಯೂನಿಂಗ್ ಕೆಪಾಸಿಟರ್‌ನ ಮಟ್ಟ 5ರಲ್ಲಿ ಇಟ್ಟಾಗ 31.1 ಬರುತ್ತಿದೆ. ಸರಿಯಾಗಿಯೇ ಇದೆಯಲ್ಲ?

ಸುರುಳಿ500 · ಸೋಮವಾರ, ರಾತ್ರಿ 11.09

ಈಗ ಸರಿಯಿದೆ, ಏಕೆಂದರೆ ಈಗ ರಾತ್ರಿ. ಮಧ್ಯಾಹ್ನ ಹೆಂಚಿನ ಕೆಳಗೆ 38 ಡಿಗ್ರಿ, ಮಳೆಗಾಳಿ ಬೀಸಿದೊಡನೆ 24. ಉಷ್ಣಾಂಶ ಬದಲಾದರೆ ಕೆಪಾಸಿಟರ್ ಬದಲಾಗುತ್ತದೆ, ಸುರುಳಿ ದಾರಿ ತಪ್ಪುತ್ತದೆ. ಮೋಡ ಹತ್ತಿರ ಬಂದಾಗಲೇ ನಿಲ್ಲುತ್ತದೆ ಎಂದು ನೀವೇ ಬರೆದಿದ್ದೀರಿ. 4 ಮತ್ತು 6 ಎರಡನ್ನೂ ಹಾಕಿ ನೋಡಿ.

ಕೋಲಾರ_ದಿಗಂತ · ಮಂಗಳವಾರ, ಬೆಳಿಗ್ಗೆ 7.20

ಇಷ್ಟೆಲ್ಲ ಏಕೆ? ಚೆನ್ನೈ ರಾಡಾರ್ ಚಿತ್ರ ತೆರೆದಿಟ್ಟುಕೊಳ್ಳಿ. ನಾನು ಸೆನ್ಸರ್ ಇಲ್ಲದೆ ಅದರಲ್ಲೇ ಮೋಡದ ಜಾಡು ಹಿಡಿಯುತ್ತೇನೆ. ಯಾವ ಕೆರೆಯ ಮೇಲೆ ಸುರಿಯುತ್ತದೆ ಎಂದು ಅರ್ಧ ಗಂಟೆ ಮೊದಲೇ ಹೇಳಬಲ್ಲೆ.

ಬಯಲುಗಾಳಿ · ಮಂಗಳವಾರ, ಬೆಳಿಗ್ಗೆ 7.48

ಕೋಲಾರದಿಂದ ಹೇಳಬಲ್ಲಿರಿ, ತಿಪಟೂರಿನಿಂದ ಆಗದು. ನಿಮ್ಮಲ್ಲಿಗೆ ಚೆನ್ನೈ 230 ಕಿ.ಮೀ. ಆಸುಪಾಸು, ಅವರಿಗೆ 400 ದಾಟುತ್ತದೆ. ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. ಅಷ್ಟು ದೂರ ಹೋಗುವಷ್ಟರಲ್ಲಿ ಅತಿ ಕೆಳಗಿನ ಕಿರಣವೂ ನೆಲದಿಂದ 10 ಕಿ.ಮೀ.ಗಿಂತ ಮೇಲಿರುತ್ತದೆ. ಮೇ ತಿಂಗಳ ಎತ್ತರದ ಮೋಡವಾದರೆ ಅದರ ನೆತ್ತಿ ಕಂಡೀತು, ಹೊಟ್ಟೆ ಕಾಣುವುದಿಲ್ಲ. ಗೋವಾ ಮತ್ತು ಕೊಚ್ಚಿ ರಾಡಾರ್‌ಗಳೂ ಅಲ್ಲಿಂದ 350 ಕಿ.ಮೀ. ಮೀರಿದ ದೂರದಲ್ಲಿವೆ. ನಡು ಕರ್ನಾಟಕ ಮೂರಕ್ಕೂ ಅಂಚಿನಲ್ಲಿದೆ. ಅದಕ್ಕಾಗಿಯೇ ಅಲ್ಲಿಯವರು ಸಿಡಿಲು ಎಣಿಸಿ ಮೋಡ ಹಿಂಬಾಲಿಸುವುದು.

ಕೋಲಾರ_ದಿಗಂತ · ಮಂಗಳವಾರ, ಬೆಳಿಗ್ಗೆ 8.02

ಹೋದ ವಾರ ತುಮಕೂರಿನ ಮೇಲಿನ ಮೋಡ ನನಗೆ ಚೆನ್ನಾಗಿಯೇ ಕಂಡಿತು.

ಬಯಲುಗಾಳಿ · ಮಂಗಳವಾರ, ಬೆಳಿಗ್ಗೆ 8.15

ಕಂಡದ್ದು ನೆತ್ತಿ. ಮಳೆ ಎಷ್ಟು ಬಿತ್ತು ಎಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಅಂಕಿಯೊಂದಿಗೆ ತಾಳೆ ನೋಡಿದಿರಾ? ತಾಳೆ ನೋಡದೆ ಕಂಡಿತು ಎಂದರೆ ನಾನು ಒಪ್ಪುವುದಿಲ್ಲ.

ಹೂಮಳೆ_ಮೂಡಿಗೆರೆ · ಮಂಗಳವಾರ, ಬೆಳಿಗ್ಗೆ 9.10

ಅಂಕಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ತೋಟದಲ್ಲಿ ಮೂರು ಮಳೆಮಾಪಕ ಇಟ್ಟಿದ್ದೇನೆ. ಒಂದು ಗಾಜಿನ ಅಳತೆಪಾತ್ರೆಯದು, ತಂದೆಯ ಕಾಲದ್ದು. ಎರಡು ಬಕೆಟ್ ಮಗುಚುವ ಬಗೆಯವು, ಒಂದು ಮಗುಚಿಗೆ 0.2 ಮಿ.ಮೀ. ಜೊತೆಗೆ ಕಂಬದ ಮೇಲೆ ಗಾಳಿಮಾಪಕ, ಒತ್ತಡ ಅಳೆಯುವ ಬಿಎಂಪಿ280, ಪಶ್ಚಿಮಕ್ಕೆ ಮುಖಮಾಡಿ ಹತ್ತು ಸೆಕೆಂಡಿಗೊಂದು ಚಿತ್ರ ತೆಗೆಯುವ ಕ್ಯಾಮೆರಾ. ಮಳೆಗಾಳಿ ಅಪ್ಪಳಿಸುವಾಗ ಒತ್ತಡ ಒಂದೆರಡು ಹೆಕ್ಟೋಪಾಸ್ಕಲ್ ತಟ್ಟನೆ ಜಿಗಿಯುತ್ತದೆ. ಬಿಸಿಲಿಗೆ ಕಾದ ಗಾಳಿ ಹೋಗಿ ತಣ್ಣನೆಯದು ನುಗ್ಗುವುದು ಗೆರೆ ಎಳೆದ ಹಾಗೆ ಕಾಣುತ್ತದೆ. ಈ ಸಲ ಹೂಮಳೆ ಕೈಕೊಟ್ಟು ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಾಯಿತು. ಭರಣಿ ಮುಗಿಯುತ್ತಾ ಬಂತು, 11ಕ್ಕೆ ಕೃತ್ತಿಕೆ ಹುಟ್ಟುತ್ತದೆ. ಕೃತ್ತಿಕೆಯಲ್ಲಾದರೂ ಹದವಾಗಿ ಬೀಳಲಿ.

ಒಂದು ಮನವಿ. ಸಂಜೆ ಆರಕ್ಕೆ ಬಿದ್ದ ಮಳೆಯನ್ನು ಅದೇ ದಿನಾಂಕಕ್ಕೆ ಬರೆಯಬೇಡಿ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ನಿನ್ನೆ ಸಂಜೆಯ ಮಳೆ ಇಂದಿನ ಲೆಕ್ಕ. ಇಲ್ಲಿ ಅರ್ಧ ಜಗಳ ಇದರಿಂದಲೇ ಹುಟ್ಟುತ್ತದೆ.

ಬಯಲುಗಾಳಿ · ಮಂಗಳವಾರ, ಬೆಳಿಗ್ಗೆ 9.33

ಹವ್ಯಾಸಿಗಳು ನಡುರಾತ್ರಿಯಿಂದ ನಡುರಾತ್ರಿಗೆ ಬರೆದರೆ ತಪ್ಪೇನು? ಗುಡುಗುಮಳೆ ಸಂಜೆಯದು. ಬೆಳಿಗ್ಗೆಗೆ ಕತ್ತರಿಸಿದರೆ ಒಂದೇ ದಿನದ ಬಿಸಿಲನ್ನೂ ಅದು ಎಬ್ಬಿಸಿದ ಮಳೆಯನ್ನೂ ಬೇರೆ ಮಾಡಿದಂತಾಗುತ್ತದೆ.

ಹೂಮಳೆ_ಮೂಡಿಗೆರೆ · ಮಂಗಳವಾರ, ಬೆಳಿಗ್ಗೆ 9.50

ಇಲಾಖೆಯ ಅಂಕಿಯ ಜೊತೆ ಹೋಲಿಸುವುದಿದ್ದರೆ ತಪ್ಪು. ಅಷ್ಟೇ.

ತೆಂಗಿನಸೀಮೆ · ಮಂಗಳವಾರ, ರಾತ್ರಿ 9.26

ನನ್ನ ಪ್ರಶ್ನೆ ಎಲ್ಲಿಗೋ ಹೋಯಿತು. ಇಂದೂ ಅದೇ ಆಯಿತು. 4 ಹಾಕಿದೆ, 6 ಹಾಕಿದೆ. 20 ಕಿ.ಮೀ. ತನಕ ಬಂದು ನಿಂತಿತು. ಐದು ಗಂಟೆಯಿಂದ ಆರೂವರೆಯವರೆಗೆ ಲಾಗ್ ಖಾಲಿ. ನೀರು ಹಾಯಿಸುತ್ತಿದ್ದ ಇಬ್ಬರು ನನ್ನ ಫೋನಿಗೆ ಕಾಯದೆ ತಾವೇ ಓಡಿ ಬಂದರು.

ಸುರುಳಿ500 · ಮಂಗಳವಾರ, ರಾತ್ರಿ 9.41

ಮೋಡ ಬಂದ ಹೊತ್ತಿನಲ್ಲಿಯೇ ಆವರ್ತನ ಅಳೆಯಬೇಕು. ನಾನು ಮೊದಲೇ ಹೇಳಿದೆ. ಬೇರೆ ಸುರುಳಿ ತರಿಸಿ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಕೂಡ 500ಕ್ಕೆ ದೂರವಲ್ಲ, ಅದು ನುಗ್ಗುತ್ತಿರಬಹುದು.

ಮಧ್ಯಮತರಂಗ · ಮಂಗಳವಾರ, ರಾತ್ರಿ 10.20

612 ಮಧ್ಯಾಹ್ನವೂ ಇರುತ್ತದೆ, ಸಂಜೆಯೂ ಇರುತ್ತದೆ. ಸೆನ್ಸರ್ 40ರಿಂದ 20ರವರೆಗೆ ಓದುವಾಗ ಇಲ್ಲದ ತೊಂದರೆ ಆಮೇಲೆ ಏಕೆ ಬರಬೇಕು? ಸುರುಳಿ ತಪ್ಪಿದ್ದರೆ ದೂರದ ಸಿಡಿಲೇ ಮೊದಲು ಕಾಣೆಯಾಗಬೇಕಿತ್ತು, ಹತ್ತಿರದ್ದಲ್ಲ.

ತೆಂಗಿನಸೀಮೆಯವರೇ, ಎರಡು ಪ್ರಶ್ನೆ. ಲಾಗ್ ಖಾಲಿಯಿದ್ದಾಗ ಇಂಟರಪ್ಟ್ ರಿಜಿಸ್ಟರ್ ಏನು ಹೇಳುತ್ತದೆ? ಆ ಹೊತ್ತಿನಲ್ಲಿ ಮನೆಯಲ್ಲಿ ಕರೆಂಟ್ ಇರುತ್ತದೆಯೇ?

ತೆಂಗಿನಸೀಮೆ · ಮಂಗಳವಾರ, ರಾತ್ರಿ 10.34

ಕರೆಂಟ್ ಎಲ್ಲಿಂದ ಇರಬೇಕು? ಅರಸೀಕೆರೆ ಕಡೆ ನಾಲ್ಕು ಮಿಂಚು ಹೊಡೆದೊಡನೆ ಫೀಡರ್ ನಿಲ್ಲಿಸುತ್ತಾರೆ, ಮಳೆ ನಿಂತು ಒಂದೆರಡು ಗಂಟೆಯ ಮೇಲೆ ಕೊಡುತ್ತಾರೆ. ಆದರೆ ಅದರಿಂದ ಸೆನ್ಸರಿಗೆ ತೊಂದರೆಯಿಲ್ಲ, ಮನೆಗೆಲ್ಲ ಯುಪಿಎಸ್ ಇದೆ. ಇಎಸ್‌ಪಿ32 ಒಂದು ಕ್ಷಣವೂ ಆರುವುದಿಲ್ಲ. ರಿಜಿಸ್ಟರ್ ಎಂದರೆ? ಸಿಡಿಲು ಎಂದು ಬಂದರೆ ಮಾತ್ರ ನನ್ನ ಪ್ರೋಗ್ರಾಂ ಬರೆಯುತ್ತದೆ.

ಮಧ್ಯಮತರಂಗ · ಮಂಗಳವಾರ, ರಾತ್ರಿ 10.58

ಉತ್ತರ ನಿಮ್ಮ ಈ ಮಾತಿನಲ್ಲೇ ಇದೆ. ಕರೆಂಟ್ ಹೋಗುವ ಹೊತ್ತು, ಸೆನ್ಸರ್ ನಿಲ್ಲುವ ಹೊತ್ತು ಒಂದೇ. ಕರೆಂಟ್ ಬರುವ ಹೊತ್ತು, ಅದು ಸರಿಹೋಗುವ ಹೊತ್ತೂ ಒಂದೇ.

ಚಿಪ್ ಇಂಟರಪ್ಟ್ ಎಂಬ ಸೂಚನೆ ಎಬ್ಬಿಸಿದಾಗ 2 ಮಿಲಿಸೆಕೆಂಡ್ ಕಾದು, ಅದರ ಕಾರಣವನ್ನು ಸಂಖ್ಯೆಯಾಗಿ ಹೇಳುವ ರಿಜಿಸ್ಟರ್ ಓದಬೇಕು. 8 ಬಂದರೆ ಸಿಡಿಲು. 4 ಬಂದರೆ ಸಿಡಿಲಲ್ಲದ ಮನುಷ್ಯಕೃತ ಮಿಡಿತ. 1 ಬಂದರೆ ಸುತ್ತಲಿನ ವಿದ್ಯುತ್ ಗದ್ದಲ ಮಿತಿ ಮೀರಿದೆ ಎಂದರ್ಥ. ಆಗ ಹೊರಗೆ ಎಷ್ಟೇ ಸಿಡಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪ್ರೋಗ್ರಾಂ 8ನ್ನು ಮಾತ್ರ ಬರೆಯುವುದರಿಂದ ಉಳಿದದ್ದು ನಿಮಗೆ ಮೌನವಾಗಿ ಕಾಣುತ್ತಿದೆ. ಯುಪಿಎಸ್ ಬ್ಯಾಟರಿಗೆ ಬದಲಾದೊಡನೆ ಅದರೊಳಗಿನ ಸ್ವಿಚ್‌ಗಳು ಕೆಲಸ ಶುರುಮಾಡುತ್ತವೆ, ಅವುಗಳ ಕಿರುಚಾಟ ವೈರಿಂಗ್ ಹಿಡಿದು ಮನೆಯೆಲ್ಲ ಹರಡುತ್ತದೆ.

ಇದಕ್ಕೆ ಮೋಡ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ನೀಲಿ ಆಕಾಶದಲ್ಲಿ ಮೇನ್ ಸ್ವಿಚ್ ಇಳಿಸಿ. ಹಳೆಯ ಮಧ್ಯಮ ತರಂಗದ ರೇಡಿಯೊ ಇದ್ದರೆ 540ರ ಹತ್ತಿರ, ನಿಲ್ದಾಣ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಸೆನ್ಸರಿನ ಪಕ್ಕ ಹಿಡಿಯಿರಿ.

ಸುರುಳಿ500 · ಮಂಗಳವಾರ, ರಾತ್ರಿ 11.04

ಅವರದು ಸೈನ್ ವೇವ್ ಯುಪಿಎಸ್ ಆಗಿದ್ದರೆ ಈ ವಾದ ನಿಲ್ಲುವುದಿಲ್ಲ. ಸ್ಕ್ವೇರ್ ವೇವ್ ಮಾತ್ರ ಗದ್ದಲ ಮಾಡುತ್ತದೆ.

ಮಧ್ಯಮತರಂಗ · ಮಂಗಳವಾರ, ರಾತ್ರಿ 11.11

ಸೈನ್ ವೇವ್ ಕೂಡ ಒಳಗೆ ಸಾವಿರಾರು ಹರ್ಟ್ಸ್‌ನಲ್ಲಿ ಸ್ವಿಚ್ ಮಾಡಿಯೇ ಆ ಅಲೆಯನ್ನು ಕಟ್ಟುವುದು. ಫ್ಯಾನಿಗೆ ಅದು ನಯವಾಗಿ ಕಂಡರೂ ಪಕ್ಕದಲ್ಲಿಟ್ಟ 500 ಕಿಲೋಹರ್ಟ್ಸ್ ಸುರುಳಿಗೆ ನಯವಾಗಿರುವುದಿಲ್ಲ.

ಸುರುಳಿ500 · ಮಂಗಳವಾರ, ರಾತ್ರಿ 11.15

ನನ್ನ ಮನೆಯಲ್ಲೂ ಸೈನ್ ವೇವ್ ಇದೆ, ನನ್ನ ಸೆನ್ಸರ್ ಓದುತ್ತದೆ.

ಬಯಲುಗಾಳಿ · ಮಂಗಳವಾರ, ರಾತ್ರಿ 11.22

ನಿಮ್ಮ ಸೆನ್ಸರ್ ಮಹಡಿಯ ಮೇಲೆ, ಯುಪಿಎಸ್ ಕೆಳಗಿನ ಅಡುಗೆಮನೆಯ ಪಕ್ಕ. ಕಳೆದ ವರ್ಷ ಚಿತ್ರ ಹಾಕಿದ್ದಿರಿ. ಇವರದು ಎಲ್ಲಿದೆ ಎಂದು ಇನ್ನೂ ಯಾರೂ ಕೇಳಿಲ್ಲ.

ತೆಂಗಿನಸೀಮೆ · ಬುಧವಾರ, ಬೆಳಿಗ್ಗೆ 8.47

ಯುಪಿಎಸ್ ಮೇಲಿನ ಹಲಗೆಯಲ್ಲೇ ಸೆನ್ಸರ್ ಇದೆ, ಪ್ಲಗ್ ಇರುವುದು ಅಲ್ಲಿಯೇ.

ಎಲ್ಲ ಸಂಖ್ಯೆಯನ್ನೂ ಬರೆಯುವಂತೆ ಪ್ರೋಗ್ರಾಂ ಬದಲಿಸಿ ಮೇನ್ ಇಳಿಸಿದೆ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಲಾಗ್ ಹೀಗೆ ಬಂತು:

08.31.02 – 1
08.31.02 – 1
08.31.03 – 1
08.31.03 – 1

ಪರದೆ ತುಂಬ ಅದೇ. ಮೇನ್ ಎತ್ತಿದೊಡನೆ ನಿಂತಿತು. ರೇಡಿಯೊ ಹಿಡಿದರೆ ದುಂಬಿ ಕಿವಿಗೆ ನುಗ್ಗಿದ ಹಾಗೆ ಝೇಂಕಾರ. ನಡುಮನೆ ದಾಟಿ ಹೊರಬಾಗಿಲಿಗೆ ಬಂದರೆ ಅರ್ಧಕ್ಕಿಳಿಯುತ್ತದೆ, ಹಿತ್ತಿಲ ಕೊಬ್ಬರಿ ಅಟ್ಟದ ಹತ್ತಿರ ಏನೂ ಕೇಳುವುದಿಲ್ಲ. ಗದ್ದಲದ ಮಿತಿಯನ್ನು 2ರಿಂದ 5ಕ್ಕೆ ಏರಿಸಿದರೆ ಸಾಕೇ?

ಮಧ್ಯಮತರಂಗ · ಬುಧವಾರ, ಬೆಳಿಗ್ಗೆ 9.15

ಏರಿಸಿದರೆ ದೂರು ಕಡಿಮೆಯಾಗುತ್ತದೆ, ಗದ್ದಲ ಹಾಗೆಯೇ ಇರುತ್ತದೆ, ದುರ್ಬಲ ಸಿಡಿಲು ಅದರಲ್ಲಿ ಮುಳುಗುತ್ತದೆ. ಮಿತಿಯನ್ನು 2ರಲ್ಲೇ ಬಿಟ್ಟು ಸೆನ್ಸರನ್ನು ಅಟ್ಟಕ್ಕೆ ಸಾಗಿಸಿ. ಪವರ್ ಬ್ಯಾಂಕ್ ಬೇಡ, ಅದರೊಳಗೂ ವೋಲ್ಟೇಜ್ ಏರಿಸುವ ಸ್ವಿಚ್ ಇರುತ್ತದೆ. ಬ್ಯಾಟರಿ ಮತ್ತು ಲೀನಿಯರ್ ರೆಗ್ಯುಲೇಟರ್ ಹಾಕಿ. ಸೆನ್ಸರ್ ಬೋರ್ಡು ಇಎಸ್‌ಪಿ32ರ ಬೆನ್ನಿಗೆ ಅಂಟಿಕೊಂಡಿರಬಾರದು, ಒಂದು ಗೇಣಾದರೂ ತಂತಿ ಬಿಡಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆ ಅಟ್ಟದಲ್ಲಿ ಇರದಿರಲಿ.

ಹೂಮಳೆ_ಮೂಡಿಗೆರೆ · ಬುಧವಾರ, ಬೆಳಿಗ್ಗೆ 9.40

ದಯವಿಟ್ಟು ಕಬ್ಬಿಣದ ಕಂಬ ನೆಟ್ಟು ಅದರ ಮೇಲೆ ಇಡಬೇಡಿ, ಗುಡುಗುವಾಗ ನೋಡಲು ಹೋಗಬೇಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಎಲ್ಲರೂ ಒಳಗಿರಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬಾರದು. ಸೆನ್ಸರ್ ಓದಲಿ ಬಿಡಲಿ, ತೋಟದವರಿಗೆ ಇದನ್ನು ಹೇಳಿಕೊಡಿ. ಫೋನಿನಲ್ಲಿ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಕೂಡ ಇರಲಿ.

ತೆಂಗಿನಸೀಮೆ · ಗುರುವಾರ, ರಾತ್ರಿ 8.55

ಅಟ್ಟದಲ್ಲಿ ಇಟ್ಟೆ. ಇಂದು ನಾಲ್ಕೂವರೆಗೆ ಕರೆಂಟ್ ಹೋಯಿತು, ಸೆನ್ಸರ್ ನಿಲ್ಲಲಿಲ್ಲ. 24, 20, 17, 14, 12 ಎಂದು ಇಳಿಯಿತು. 14 ಎಂದಾಗಲೇ ಎಲ್ಲರನ್ನೂ ಕರೆದೆ, ಮೊದಲ ಹನಿಗೆ ಮುಂಚೆ ಒಳಗಿದ್ದರು. ಮಧ್ಯಮತರಂಗ ಅವರಿಗೆ ಮನಸಾರೆ ಧನ್ಯವಾದ.

ಆದರೆ ಒಂದು ಉಳಿದಿದೆ. 8 ಕಿ.ಮೀ.ಗೆ ಬಂದದ್ದು ಮತ್ತೆ 17 ಎಂದಿತು. ಅದೇ ಹೊತ್ತಿಗೆ ಮಿಂಚಿದ ಆರು ಸೆಕೆಂಡಿಗೆ ಗುಡುಗು ಕೇಳಿದೆ, ಅಂದರೆ ಎರಡು ಕಿ.ಮೀ. ಇದೇಕೆ?

ಸುರುಳಿ500 · ಗುರುವಾರ, ರಾತ್ರಿ 9.03

ಟ್ಯೂನಿಂಗ್. ಈಗಲಾದರೂ 6ರಲ್ಲಿ ಇಟ್ಟು ನೋಡಿ.

ಮಧ್ಯಮತರಂಗ · ಗುರುವಾರ, ರಾತ್ರಿ 9.30

ಚಿಪ್ ಒಂದೊಂದು ಸಿಡಿಲಿನ ದೂರವನ್ನು ಹೇಳುವುದಿಲ್ಲ. ಈಚಿನ ಕೆಲವು ಸಿಡಿಲುಗಳ ಬಲವನ್ನು ಕೂಡಿಸಿ ಮೋಡದ ಮುಂಚೂಣಿ ಎಲ್ಲಿರಬಹುದು ಎಂದು ಅಂದಾಜಿಸುತ್ತದೆ. ತಲೆಯ ಮೇಲೆ ಒಂದು ಮೋಡ, ಅದರ ಹಿಂದೆ ಇನ್ನೊಂದು ಇದ್ದರೆ ಅಂದಾಜು ಎಳೆದಾಡುತ್ತದೆ. ಹತ್ತಿರ ಬಂದ ಮೇಲೆ ಗಡಿಯಾರ ಮತ್ತು ಕಿವಿಯನ್ನೇ ನಂಬಿ. ಸೆನ್ಸರ್ ಇರುವುದು ಅದಕ್ಕೂ ಮುಂಚಿನ ಅರ್ಧ ಗಂಟೆಗೆ.

ಕೋಲಾರ_ದಿಗಂತ · ಗುರುವಾರ, ರಾತ್ರಿ 9.52

ಇಂದು ನಾಲ್ಕೂವರೆಯ ಆ ಮೋಡದ ನೆತ್ತಿ ಚೆನ್ನೈ ಚಿತ್ರದಲ್ಲಿ ಕಂಡಿತು. ಹೋಬಳಿವಾರು ಮಳೆಯನ್ನೂ ತಾಳೆ ನೋಡಿ ಬೇರೆ ಚರ್ಚೆ ತೆರೆದಿದ್ದೇನೆ, ಬಯಲುಗಾಳಿ ಅಲ್ಲಿಗೆ ಬರಲಿ.

ಗುಬ್ಬಿ_ಮಿಂಚು · ಶುಕ್ರವಾರ, ಬೆಳಿಗ್ಗೆ 6.40

ನನ್ನದೂ ಎಎಸ್3935. ನನಗೆ ಉಲ್ಟಾ: ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಏನೂ ಓದುವುದಿಲ್ಲ, ಮೋಡ ಕವಿದೊಡನೆ ಚೆನ್ನಾಗಿ ಓದುತ್ತದೆ. ಕರೆಂಟ್ ಇದ್ದರೂ ಇಲ್ಲದಿದ್ದರೂ ಒಂದೇ. ಯುಪಿಎಸ್ ಇಲ್ಲ. ಯಾರಿಗಾದರೂ ಗೊತ್ತೇ?

ಮಧ್ಯಮತರಂಗ · ಶುಕ್ರವಾರ, ಬೆಳಿಗ್ಗೆ 7.05

ಮನೆಯ ಮೇಲೋ ಪಂಪ್‌ಸೆಟ್ ಹತ್ತಿರವೋ ಸೋಲಾರ್ ಇದೆಯೇ?