ಪೈಪಿನೊಳಗೆ ಬೆರಳು ಕೆಂಪಾದರೆ

ಮಗಳೇ, ನಮ್ಮ ಕುಟುಂಬದ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ಈಗ ನೋಡಿದೆ. ಅಡಕೆ ಸುಲಿಯುವವರು ಬಂದಿದ್ದರು, ಮೊಬೈಲ್ ಜಗಲಿಯಲ್ಲೇ ಉಳಿದಿತ್ತು. ಪಿಕಪ್ಪಿನ ಏರ್ ಫಿಲ್ಟರ್ ಬಿಚ್ಚಿದೆ, ಎಂಜಿನ್ನಿಗೆ ಹೋಗುವ ಪೈಪಿನೊಳಗೆ ಬೆರಳು ಹಾಕಿದರೆ ಬೆರಳು ಕೆಂಪಾಯಿತು, ನಾಳೆ ಬೆಳಗ್ಗೆ ಬದಿಯಡ್ಕಕ್ಕೆ ಅಡಕೆ ಒಯ್ಯಬೇಕು, ಹಾಗೆಯೇ ಓಡಿಸಬಹುದೇ ದೊಡ್ಡಪ್ಪಾ ಎಂದು ಕೇಳಿದ್ದೀಯ. ಅದರ ಕೆಳಗೆ ಇಬ್ಬರು "ಏನೂ ಆಗುವುದಿಲ್ಲ, ಫಿಲ್ಟರಿಗೆ ಗಾಳಿ ಹೊಡೆಸಿ ಹಾಕು" ಎಂದು ಬರೆದಿದ್ದಾರೆ. ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಟೈಪ್ ಮಾಡಲು ಕುಳಿತರೆ ರಾತ್ರಿಯಾದೀತು, ಬಾಯಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ, ಪೂರ್ತಿ ಕೇಳು.

ನಮ್ಮ ಹಳೆಯ ಡೀಸೆಲ್ ಜೀಪಿನ ಕಥೆ ನಿನ್ನ ಅಪ್ಪನಿಗೆ ಗೊತ್ತು, ಪೆರ್ಲದ ಅತ್ತೆಗೂ ಗೊತ್ತು. ನೀನು ಈಗ ಕುಳಿತಿರುವ ಮನೆಯ ಗೋಡೆಗೆ ಕಲ್ಲು ಬಂದದ್ದು ಆ ಜೀಪಿನ ಟ್ರೈಲರಿನಲ್ಲಿ. 1996ರ ಬೇಸಗೆ. ಮಕರ ತಿಂಗಳಲ್ಲಿ ಮನೆಯ ಪಂಚಾಂಗ, ಅಂದರೆ ಅಡಿಪಾಯ, ಹಾಕಿದ್ದು. ವೃಷಭ ತಿಂಗಳ ಹತ್ತನೇ ದಿನ ಬರುವ ಪತ್ತನಾಜೆಗೆ ಮೊದಲು, ಮಳೆ ಹಿಡಿಯುವ ಮುಂಚೆ, ಮನೆಯ ಮಾಡು (ಛಾವಣಿ) ಆಗಲೇಬೇಕು ಎಂದು ಅಜ್ಜನ ಹಟ. ಮೇಲಿನ ಗುಡ್ಡದ ಕೋರೆಯಿಂದ ಕೆಂಪುಕಲ್ಲು ಇಳಿಸುವುದು ನನ್ನ ಪಾಲಿಗೆ ಬಂತು. ದಿನಕ್ಕೆ ಐದಾರು ಸಲ ಹತ್ತುವುದು, ಇಳಿಯುವುದು. ಗೇರುಮರಗಳ ನಡುವಿನ ಆ ದಾರಿಯಲ್ಲಿ ಪಾದ ಮುಳುಗುವಷ್ಟು ಹುಡಿಮಣ್ಣು. ಎದುರಿನಿಂದ ಲಾರಿ ಬಂದರೆ ಐದು ನಿಮಿಷ ಏನೂ ಕಾಣುತ್ತಿರಲಿಲ್ಲ.

ಆ ಜೀಪಿನಲ್ಲಿ ಈಗಿನ ಹಾಗೆ ಕಾಗದದ ಫಿಲ್ಟರ್ ಇರಲಿಲ್ಲ. ಕೆಳಗೆ ಒಂದು ಬೋಗುಣಿ, ಅದರಲ್ಲಿ ಗೆರೆಯವರೆಗೆ ಎಂಜಿನ್ ಆಯಿಲ್, ಮೇಲೆ ತಂತಿಯ ಜಾಲರಿ. ಒಳಗೆ ಬಂದ ಗಾಳಿ ಆಯಿಲಿನ ಮೇಲೆ ಬಡಿದು ಮೇಲಕ್ಕೆ ತಿರುಗುವಾಗ ಭಾರದ ಧೂಳು ಅಲ್ಲೇ ಸಿಕ್ಕಿಬೀಳುತ್ತದೆ, ಉಳಿದದ್ದು ಎಣ್ಣೆ ಹಿಡಿದ ಜಾಲರಿಗೆ ಅಂಟುತ್ತದೆ. ನಾನು ಪ್ರತಿ ಭಾನುವಾರ ಅದನ್ನು ಬಿಚ್ಚಿ ಡೀಸೆಲಿನಲ್ಲಿ ತೊಳೆದು ಹೊಸ ಆಯಿಲ್ ಹಾಕುತ್ತಿದ್ದೆ. ಗೆರೆ ಮೀರಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡೀತು ಎಂದು ಟಾರ್ಚ್ ಹಿಡಿದು ಗೆರೆ ನೋಡುತ್ತಿದ್ದೆ. ಅಷ್ಟು ಜಾಗ್ರತೆ ಮಾಡಿದವನು ನಾನು.

ಆದರೆ ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಅಡಿಭಾಗದಲ್ಲಿ ಬಿರುಕು ಬಿಟ್ಟಿತ್ತು. ಕುಂಭ ತಿಂಗಳ ಮೊದಲ ವಾರ, ಕಲ್ಲು ಹೇರುವ ಹುಡುಗ ಅದನ್ನು ತೋರಿಸಿದ. ಕಿರುಬೆರಳಿನ ಉದ್ದ ಇದ್ದೀತು. ನಾನು ಸೈಕಲ್ ಟ್ಯೂಬಿನ ತುಂಡು ಸುತ್ತಿ, ಕಂಬಿ ಕಟ್ಟುವ ತಂತಿಯಿಂದ ಬಿಗಿದೆ. ಶನಿವಾರ ಕಾಸರಗೋಡಿಗೆ ಹೋದಾಗ ಹೊಸ ಪೈಪು ತಂದರಾಯಿತು ಎಂದುಕೊಂಡೆ. ಆ ಶನಿವಾರ ಸಿಮೆಂಟ್ ತರಬೇಕಾಯಿತು. ಮುಂದಿನ ಶನಿವಾರ ಯಾರದೋ ಮನೆಯ ಉಪನಯನ. ಹೀಗೆ ಮೂರು ತಿಂಗಳು ಕಳೆಯಿತು. ಎಂಜಿನ್ನಿನ ಕಾವಿಗೆ ಟ್ಯೂಬು ಬೆಂದು ಸಡಿಲವಾದದ್ದು ಕಾಣಲಿಲ್ಲ, ಅದು ಅಡಿಯಲ್ಲಿತ್ತು. ಇದನ್ನು ಗಮನಿಸು ಮಗಳೇ: ಆ ದಿನಗಳಲ್ಲಿ ಬೋಗುಣಿಯಲ್ಲಿ ಕೂರುವ ಕೆಸರು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ ಬಂತು. ಧೂಳು ಕಡಿಮೆಯಾಯಿತು ಎಂದು ನಾನು ಸಂತೋಷಪಟ್ಟೆ. ಬೋಗುಣಿಯ ಮೂಲಕ ಹೋಗಬೇಕಾದ ಗಾಳಿ ಬಿರುಕಿನಿಂದ ನುಗ್ಗುತ್ತಿದೆ ಎಂಬುದು ಹೊಳೆಯಲೇ ಇಲ್ಲ.

ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಎಂದು ಲೆಕ್ಕ ಹಾಕಿ ನೋಡು. 2500 ಸಿಸಿ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸುಮಾರು 2500 ಲೀಟರ್ ಆಯಿತು. ಒಂದು ಲೀಟರ್ ಡೀಸೆಲ್ ಉರಿಯಲು ಹತ್ತು ಸಾವಿರ ಲೀಟರ್ ಗಾಳಿಯಾದರೂ ಬೇಕು. ನಿನ್ನದಕ್ಕೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬೇರೆ ಇದೆ, ಇನ್ನೂ ಹೆಚ್ಚು ಎಳೆಯುತ್ತದೆ. ಅಷ್ಟು ಬಲವಾಗಿ ಎಳೆಯುವಾಗ ಧೂಳು ನುಗ್ಗಲು ಸೂಜಿ ತೂರುವಷ್ಟು ಸಂದು ಸಾಕು. ನಮ್ಮ ಮಣ್ಣು ಮೆತ್ತಗೆ ಕಾಣುತ್ತದೆ, ಮೆತ್ತಗಿನದಲ್ಲ. ಬೇಕಲದ ಕೋಟೆ ಕಟ್ಟಿದ ಕಲ್ಲೇ ಪುಡಿಯಾದರೆ ಈ ಮಣ್ಣು. ಕೆಂಪು ಬಣ್ಣ ಕಬ್ಬಿಣದ್ದು, ಆದರೆ ಅದರೊಳಗೆ ಬೆಣಚಿನ ಕಣಗಳಿವೆ, ಅವು ಎಂಜಿನ್ನಿನ ಕಬ್ಬಿಣಕ್ಕಿಂತ ಗಟ್ಟಿ. ತಲೆಕೂದಲಿನ ದಪ್ಪದಲ್ಲಿ ಐದರಲ್ಲಿ ಒಂದು ಪಾಲೂ ಇಲ್ಲದ ಕಣ ಆಯಿಲಿನ ಜೊತೆ ಸೇರಿ ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಕೂತರೆ, ಕತ್ತಿ ಮಸೆಯುವ ಕಲ್ಲು ಒಳಗೆ ಕೂತ ಹಾಗೆಯೇ.

ಮೇಷ ತಿಂಗಳಿಗೆ ಬರುವಾಗ ಜೀಪು ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಮಾಡತೊಡಗಿತು. ಇಳಿಜಾರಿನಲ್ಲಿ ನಿಲ್ಲಿಸಿ ದೂಡಿ ಸ್ಟಾರ್ಟ್ ಮಾಡುವುದು ಅಭ್ಯಾಸವಾಯಿತು. ಹಿಂದೆ ನೀಲಿ ಹೊಗೆ. ಆಯಿಲ್ ತಿನ್ನಲು ಶುರುಮಾಡಿತು, ವಾರಕ್ಕೊಮ್ಮೆ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರೆ ತುದಿಯಲ್ಲಿ ಮಾತ್ರ ಪಸೆ. ಅರ್ಧ ಹೇರಿದ ಟ್ರೈಲರನ್ನು ಮೊದಲ ಗೇರಿನಲ್ಲೂ ಎಳೆಯಲಾರದೆ ಏರಿನ ನಡುವೆ ನಿಂತ ದಿನ ಪುತ್ತೂರಿಗೆ ಎಳೆಸಿಕೊಂಡು ಹೋದೆ.

ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಹೆಡ್ ಬಿಚ್ಚಿ, ನನ್ನ ಕೈ ಹಿಡಿದು ಉಗುರನ್ನು ಸಿಲಿಂಡರಿನ ಒಳಗೋಡೆಯ ಮೇಲೆ ಎಳೆಸಿದರು. ಮೇಲ್ಭಾಗದಲ್ಲಿ ಉಗುರು ಒಂದು ಮೆಟ್ಟಿಲಿಗೆ ತಾಗಿ ನಿಂತಿತು. ಅಲ್ಲಿಂದ ಕೆಳಗೆ ಅಷ್ಟೂ ಸವೆದಿತ್ತು. ಮತ್ತೆ ಪಿಸ್ಟನ್ನಿನಿಂದ ಒಂದು ರಿಂಗ್ ಕಳಚಿ ಸಿಲಿಂಡರಿನೊಳಗೆ ಕೂರಿಸಿದರು. ರಿಂಗಿನ ಎರಡು ತುದಿಗಳ ನಡುವಿನ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕಾದದ್ದು. ಅವರು ಬೀಡಿ ಹಚ್ಚಲು ತೆಗೆದ ಬೆಂಕಿಕಡ್ಡಿಯನ್ನು ಆ ಸಂದಿಗೆ ತೂರಿಸಿದರು, ಸಲೀಸಾಗಿ ಹೋಯಿತು. ಕೊನೆಗೆ ಗಾಳಿ ಬರುವ ಪೈಪಿನೊಳಗೆ ಬೆರಳು ಹಾಕಿ ತೆಗೆದು, ನನ್ನ ಬಿಳಿ ಪಂಚೆಯ ಅಂಚಿಗೆ ಒರೆಸಿದರು. ಕೆಂಪು ಗೆರೆ. "ಇದು ನಿಮ್ಮ ಗುಡ್ಡೆಯದ್ದೇ ಅಲ್ಲವೇ" ಎಂದು ತುಳುವಿನಲ್ಲಿ ಕೇಳಿದರು, ಅಷ್ಟೇ. ಆ ಪಂಚೆಯ ಕಲೆ ಹೋಗಲೇ ಇಲ್ಲ.

ಪೂರ್ತಿ ಎಂಜಿನ್ ಕೆಲಸವಾಯಿತು. ಸವೆದ ಸಿಲಿಂಡರನ್ನು ಕೊರೆದು ಸರಿಮಾಡುವ ಬೋರ್ ಕೆಲಸ, ಹೊಸ ಪಿಸ್ಟನ್, ರಿಂಗು, ಬೇರಿಂಗು. ಒಳ್ಳೆಯ ಧಾರಣೆ ಬರಲಿ ಎಂದು ಅಜ್ಜ ಅಟ್ಟದಲ್ಲಿ ಇಟ್ಟಿದ್ದ ಒಣಗಿಸಿ ಸುಲಿದ ಹಳೆಯ ಚಾಲಿ ಅಡಕೆಯನ್ನೆಲ್ಲ ಕೊಟ್ಟು ಬಿಲ್ಲು ತೀರಿಸಿದರು. ಪತ್ತನಾಜೆಗೆ ಮಾಡು ಆಗಲಿಲ್ಲ, ಗೋಡೆಗಳು ಒಂದು ಮಳೆಗಾಲ ನೆನೆದವು. ಅಜ್ಜ ನನಗೆ ಒಂದು ಮಾತೂ ಬೈಯಲಿಲ್ಲ. ಆ ಒಡೆದ ಪೈಪನ್ನು ತೆಗೆದುಕೊಂಡು ಹೋಗಿ ಅಡಕೆ ಕೊಟ್ಟಿಗೆಯ ಕಂಬದ ಮೊಳೆಗೆ ನೇತುಹಾಕಿದರು. ನಾನು ಪ್ರತಿದಿನ ಅದರ ಅಡಿಯಿಂದಲೇ ಹೋಗಬೇಕಿತ್ತು. ಈಗಲೂ ಅದು ನನ್ನ ಬಳಿ ಇದೆ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ.

ಆದ್ದರಿಂದ ಹೇಳುತ್ತೇನೆ. ಫಿಲ್ಟರ್ ಎಷ್ಟೇ ಹೊಸದಿರಲಿ, ಫಿಲ್ಟರ್ ದಾಟಿದ ಮೇಲಿನ ದಾರಿಯಲ್ಲಿ ಸಂದು ಇದ್ದರೆ ಆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಎಲ್ಲರೂ ಫಿಲ್ಟರನ್ನು ನೋಡುತ್ತಾರೆ, ಪೈಪನ್ನು ಯಾರೂ ನೋಡುವುದಿಲ್ಲ. ನಾನೂ ನೋಡಲಿಲ್ಲ.

ಗುಂಪಿನಲ್ಲಿ ಇನ್ನೊಬ್ಬ ಸ್ನಾರ್ಕೆಲ್, ಅಂದರೆ ವಾಹನದ ಮೇಲಿನಿಂದ ಗಾಳಿ ಎಳೆಯುವ ಉದ್ದ ಪೈಪು, ಹಾಕಿಸು ಎಂದಿದ್ದಾನೆ. ಒಳ್ಳೆಯದೇ. ಚಕ್ರದ ಹತ್ತಿರಕ್ಕಿಂತ ಮಾಡಿನ ಎತ್ತರದಲ್ಲಿ ಧೂಳು ಕಡಿಮೆ. ಆದರೆ ಪೈಪು ಉದ್ದವಾದಷ್ಟು ಜೋಡಣೆಗಳು ಹೆಚ್ಚು, ಅದು ಬರುವುದೂ ಫಿಲ್ಟರಿನ ಮುಂಚೆ. ಫಿಲ್ಟರ್ ದಾಟಿದ ಮೇಲಿನ ಸಂದಿಗೆ ಅದು ಮದ್ದಲ್ಲ. ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರ್ ಹಾಕಿದರೆ ಎಳೆತ ಹೆಚ್ಚುತ್ತದೆ ಎಂದವನ ಮಾತು ನಮ್ಮ ಊರಿಗೆ ಬೇಡ. ಅದು ಸಣ್ಣ ಧೂಳನ್ನು ಕಾಗದದಷ್ಟು ಹಿಡಿಯುವುದಿಲ್ಲ, ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ.

ಈ ಧೂಳು ಎಲ್ಲಿಂದ ಬಂತು ಎಂದು ಯಾರಾದರೂ ಯೋಚಿಸಿದ್ದೀರಾ? ನಮ್ಮದೇ ದಾರಿಯಿಂದ. ಏಳು ಮನೆಗೆ ಒಂದೇ ದಾರಿ, ಮುಕ್ಕಾಲು ಕಿಲೋಮೀಟರ್ ಮಣ್ಣು. 2019ರ ಶ್ರಾದ್ಧದ ದಿನ ಎಲ್ಲರೂ ಸೇರಿದ್ದಾಗ ನಾನೇ ಹೇಳಿದೆ, ಪೂರ್ತಿ ಕಾಂಕ್ರೀಟ್ ಬೇಡ, ಚಕ್ರ ಹೋಗುವಲ್ಲಿ ಎರಡು ಪಟ್ಟಿ ಹಾಕಿಸೋಣ, ಮನೆಗೊಂದು ಪಾಲು ಕೊಡೋಣ ಎಂದು. ಊಟದ ಎಲೆಯ ಮುಂದೆ ಎಲ್ಲರೂ ಒಪ್ಪಿದರು. ಮೂರು ಮನೆಯ ಹಣ ಬಂತು. ಒಬ್ಬರು ತಿರುವಿನಲ್ಲಿ ಒಂದು ಮೊಳ ಜಾಗ ಬಿಡುವುದಿಲ್ಲ ಎಂದರು. ಯಾರೆಂದು ಹೇಳುವುದಿಲ್ಲ, ಕೇಳುತ್ತಿರುವವರಿಗೆ ಗೊತ್ತು. ದೂರದ ಊರಿನಲ್ಲಿರುವವರು ಮುಂದಿನ ವರ್ಷ ನೋಡೋಣ ಎಂದರು. ಹಬ್ಬಕ್ಕೆ ಬಂದಾಗ ಕಾರಿನ ಅಡಿ ತಾಗುತ್ತದೆ ಎಂದು ಹೇಳುವವರೂ ಅವರೇ. ಕೂಡಿಸಿದ ಹಣವನ್ನು ನಾನು ಒಂದು ರೂಪಾಯಿ ಬಿಡದೆ ಹಿಂದಿರುಗಿಸಿದೆ, ಆ ದಿನ ನನಗೆ ಅನ್ನ ಸೇರಲಿಲ್ಲ. ಮೇಲಿನ ಕೋರೆಯವರು ದಿನಕ್ಕೆರಡು ಸಲ ದಾರಿಗೆ ನೀರು ಹಾಕಿಸುತ್ತೇವೆ ಎಂದು ಮಾತು ಕೊಟ್ಟು ಒಂದು ವಾರ ಹಾಕಿಸಿದರು. ಯಂತ್ರದಲ್ಲಿ ಕಲ್ಲು ಕೊಯ್ಯಲು ಶುರುವಾದ ಮೇಲೆ ಹುಡಿ ಇನ್ನೂ ಸಣ್ಣದಾಗಿದೆ, ಲಾರಿಗೆ ಟಾರ್ಪಾಲು ಹೊದೆಸುವುದಿಲ್ಲ. ದಾರಿಯ ಬದಿಯ ಅಡಕೆ ಸೋಗೆಗಳೆಲ್ಲ ಕಾವಿ ಬಣ್ಣ. ನಿನ್ನ ಅಮ್ಮ ಮೇಲಂಗಳದಲ್ಲಿ ಹಪ್ಪಳ ಒಣಗಿಸುವುದನ್ನೇ ಬಿಟ್ಟಳು. ಇಷ್ಟಕ್ಕೆಲ್ಲ ಒಂದು ದಿನವಾದರೂ ಈ ಗುಂಪಿನಲ್ಲಿ ಮಾತು ಬಂತೇ? ಬೆಳಗಾದರೆ ಹೂವಿನ ಚಿತ್ರಗಳು ಬರುತ್ತವೆ.

ಅಯ್ಯೋ, ನಿನ್ನ ಅಡಕೆ ನಾಳೆಯಲ್ಲವೇ. ಎಲ್ಲಿಗೋ ಹೋದೆ.

ಮಗಳೇ, ಪಿಕಪ್ಪನ್ನು ಸ್ಟಾರ್ಟ್ ಮಾಡಬೇಡ. ಅಂಗಳದಿಂದ ಕೊಟ್ಟಿಗೆಗೆ ನಿಲ್ಲಿಸಲು ಕೂಡ ಬೇಡ, ಬೇಕಾದರೆ ದೂಡಿಸು. ಪೈಪಿನೊಳಗೆ ಈಗ ಇರುವ ಧೂಳು ಮೊದಲ ಎಳೆತಕ್ಕೇ ಟರ್ಬೊಗೆ ಹೋಗುತ್ತದೆ. ಅದರ ರೆಕ್ಕೆ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುವಂಥದ್ದು.

ಒಳಗೆ ಒರೆಸುವ ಆತುರ ಬೇಡ. ಮೊದಲು ಟಾರ್ಚ್ ಬಿಟ್ಟು ಫೋಟೋ ತೆಗೆ. ಕೆಂಪು ಗೆರೆ ಎಲ್ಲಿಂದ ಶುರುವಾಗುತ್ತದೆಯೋ ಸಂದು ಅಲ್ಲೇ ಇರುತ್ತದೆ. ಫಿಲ್ಟರಿನ ಬಾಯಿಯಿಂದಲೇ ಶುರುವಾಗಿದ್ದರೆ ಫಿಲ್ಟರಿನ ರಬ್ಬರ್ ಅಂಚು ಕೂತಿಲ್ಲ, ಇಲ್ಲವೇ ಕಾಗದ ಹರಿದಿದೆ. ನಡುವಿನಿಂದ ಶುರುವಾಗಿದ್ದರೆ ಪೈಪು ಅಥವಾ ಕ್ಲಿಪ್ಪು. ಪೈಪನ್ನು ಕಳಚಿ ಕೈಯಲ್ಲಿ ಬಗ್ಗಿಸಿ ನೋಡು, ಮುಚ್ಚಿಕೊಂಡ ಬಿರುಕು ಬಗ್ಗಿಸಿದರೆ ಬಾಯಿ ಬಿಡುತ್ತದೆ. ಅಡಿಭಾಗ ನೋಡು, ಅಡಿಭಾಗ. ಎಂಜಿನ್ನಿನ ಉಸಿರು ಬಿಡುವ ಸಣ್ಣ ಪೈಪು ಅಲ್ಲಿಗೇ ಸೇರುತ್ತದೆ, ಅದರ ಬುಡವನ್ನೂ ನೋಡು. ಅದರಿಂದ ಸ್ವಲ್ಪ ಆಯಿಲಿನ ಪಸೆ ಇರುವುದು ಸಹಜ, ಅದಕ್ಕೆ ಹೆದರಬೇಡ. ಆ ಪಸೆಗೆ ಕೆಂಪು ಅಂಟಿದ್ದರೆ ಮಾತ್ರ ಹೆದರಬೇಕು. ಕಳಚಿದ ಮೇಲೆ ಟರ್ಬೊದ ಬಾಯಿಗೆ ಒಂದು ದೊಡ್ಡ ಬಿಳಿ ಬಟ್ಟೆ ಮುಚ್ಚು, ಹಾಕುವಾಗ ಅದನ್ನು ತೆಗೆಯುವುದು ನೆನಪಿರಲಿ. ಫಿಲ್ಟರಿನ ಡಬ್ಬಿಯ ಒಳಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸು, ಗಾಳಿ ಹೊಡೆಯಬೇಡ. ಡಬ್ಬಿಯ ಅಡಿಯಲ್ಲಿ ತುಟಿ ಮುಚ್ಚಿದ ಹಾಗೆ ಒಂದು ರಬ್ಬರ್ ಇದ್ದರೆ ಹಿಂಡಿ ಧೂಳು ಬೀಳಿಸು, ಹರಿದಿದ್ದರೆ ಬದಲಿಸಬೇಕು.

ಹಳೆಯ ಫಿಲ್ಟರಿಗೆ ಕಂಪ್ರೆಸರಿನ ಗಾಳಿ ಹೊಡೆಸುವ ಮಾತೇ ಬೇಡ, ಕಾಗದದಲ್ಲಿ ಕಣ್ಣಿಗೆ ಕಾಣದ ತೂತಾಗುತ್ತದೆ. ಹೊಸದು ಹಾಕು. ಅಂಚಿನ ರಬ್ಬರಿಗೆ ತೆಳ್ಳಗೆ ಗ್ರೀಸ್ ಸವರಿ, ಮುಚ್ಚಿ, ಮತ್ತೊಮ್ಮೆ ತೆರೆದು ನೋಡು. ಡಬ್ಬಿಯ ಮೇಲೆ ಗ್ರೀಸಿನ ಗೆರೆ ಸುತ್ತಲೂ ತುಂಡಾಗದೆ ಮೂಡಿದ್ದರೆ ಸರಿ ಕೂತಿದೆ. ಆಮೇಲೆ ವಾರಕ್ಕೊಮ್ಮೆ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಬೇಡ, ತೆರೆದಾಗಲೆಲ್ಲ ಸ್ವಲ್ಪ ಧೂಳು ಒಳಗೆ ಬೀಳುತ್ತದೆ. ಇನ್ನು ಒಂದು ತಿಂಗಳು ಡಿಪ್‌ಸ್ಟಿಕ್ ನೋಡಿ ದಿನಾಂಕ ಹಾಕಿ ಬರೆದಿಡು. ಆಯಿಲ್ ಇಳಿಯದಿದ್ದರೆ ಎಂಜಿನ್ ಉಳಿಯಿತು ಎಂದು ನಾನು ಸಮಾಧಾನಪಡುತ್ತೇನೆ.

ಪೈಪು ಒಡೆದಿದ್ದರೆ ಟ್ಯೂಬು ಸುತ್ತಬೇಡ. ನಾಳೆ ಅಡಕೆ ಕೊಟ್ಟು ಬರುವಾಗ ಅಳತೆಗೆ ಹಳೆಯದನ್ನೇ ಹಿಡಿದುಕೊಂಡು ಹೋಗಿ ಹೊಸದು ತರೋಣ, ಕ್ಲಿಪ್ಪೂ ಹೊಸದು. ಮೂಟೆ ಕಟ್ಟಿ ಜಗಲಿಯಲ್ಲಿ ಇಟ್ಟಿರು, ಏಳು ಗಂಟೆಗೆ ನನ್ನ ಜೀಪು ತರುತ್ತೇನೆ. ನಾಯಿಯನ್ನು ಕಟ್ಟು, ಗೇಟು ತೆರೆದಿಡು.