ಬೆಕ್ಕು ಹಾಲನ್ನ ಮುಟ್ಟುತ್ತಿಲ್ಲ, ನಾಯಿ ಹಲಸಿನ ಹಣ್ಣನ್ನೂ ಬಿಡುತ್ತಿಲ್ಲ

ಹೊಸನಗರದಿಂದ ಒಬ್ಬರು ಕೇಳಿದ್ದಾರೆ: ಮಳೆ ಹಿಡಿದಾಗಿನಿಂದ ನಮ್ಮ ಬೆಕ್ಕು ಹಾಲನ್ನ ಮೂಸಿ ಎದ್ದು ಹೋಗುತ್ತದೆ. ಬೆಲ್ಲ ಹಾಕಿದರೂ ಬೇಡ. ನಾಯಿಗೆ ಮಾತ್ರ ಅನ್ನ, ರೊಟ್ಟಿ, ಹಲಸಿನ ತೊಳೆ, ಯಾವುದಾದರೂ ಸೈ. ಬೆಕ್ಕಿಗೆ ಏನು ಕೊಡಲಿ?

ತೀರ್ಥಹಳ್ಳಿಯಿಂದ:
ಬೆಲ್ಲ ಸುಮ್ನೆ ದಂಡ, ಅಕ್ಕಾ. ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ ಎಂದು 2005ರಲ್ಲೇ ಪತ್ತೆಯಾಗಿದೆ. ತ್ಯಾವರೆಕೊಪ್ಪ ಸಫಾರಿಯ ಹುಲಿಗಳಿಗೂ ಅಷ್ಟೆ. ನಾಯಿಗೆ ಸಿಹಿ ಚೆನ್ನಾಗಿ ತಿಳಿಯುತ್ತದೆ, ಅದಕ್ಕೇ ಹಲಸು ಬಿಡುವುದಿಲ್ಲ. ಬೇಳೆ ತೆಗೆದು ಸ್ವಲ್ಪವೇ ಕೊಡಿ.

ಇನ್ನೊಂದು ಮಾತು. ನಮ್ಮ ನಾಲಿಗೆಯಲ್ಲಿ ರುಚಿಮೊಗ್ಗುಗಳು ಸುಮಾರು 9,000, ನಾಯಿಗೆ 1,700, ಬೆಕ್ಕಿಗೆ 500ಕ್ಕೂ ಕಡಿಮೆ. ಹಾಗಾಗಿ ಬೆಕ್ಕು ಊಟ ಆರಿಸುವುದು ಮೂಗಿನಿಂದ. ಮಳೆಗಾಲದಲ್ಲಿ ಶೀತವಾಗಿ ಮೂಗು ಕಟ್ಟಿದರೆ ಎಂಥ ಮೀನಿಟ್ಟರೂ ಅದಕ್ಕೆ ಊಟ ಅನ್ನಿಸುವುದಿಲ್ಲ. ಫ್ರಿಜ್‌ನಿಂದ ತೆಗೆದದ್ದಕ್ಕೂ ವಾಸನೆ ಏಳುವುದಿಲ್ಲ. ಉಗುರುಬೆಚ್ಚಗೆ ಮಾಡಿ ಇಡಿ. ನಮ್ಮ ಮನೆಯಲ್ಲಿ ಇದರಿಂದಲೇ ಎಷ್ಟೋ ಸಲ ತಿಂದಿದೆ.

ಸಾಗರದಿಂದ:
ಎಳೆಯದರಲ್ಲಿ ಏನು ತಿಂದು ಬೆಳೆದಿರುತ್ತದೋ ಅದೇ ಅದಕ್ಕೆ ಊಟ. ನಮ್ಮದು ಸಸ್ಯಾಹಾರಿ ಮನೆ. ಇಲ್ಲೇ ಹುಟ್ಟಿದ ಬೆಕ್ಕು ಮೊಸರನ್ನ ಚಪ್ಪರಿಸಿ ತಿನ್ನುತ್ತದೆ. ಮೀನು ಪೇಟೆ ಕಡೆಯಿಂದ ಬಂದು ಸೇರಿಕೊಂಡದ್ದು ಅದನ್ನು ತಿರುಗಿಯೂ ನೋಡುವುದಿಲ್ಲ. ಆದರೆ ತಿನ್ನುತ್ತದೆ ಎಂದು ಬರೀ ಮೊಸರನ್ನ ಹಾಕಬಾರದು. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅದಕ್ಕೆ ನಾವು ಬೆಕ್ಕಿನ ಪ್ಯಾಕೆಟ್ ಆಹಾರ ತಂದು, ಮೊದಮೊದಲು ಅನ್ನದ ಜೊತೆ ಚೂರುಚೂರೇ ಬೆರೆಸಿ ರೂಢಿ ಮಾಡಿಸಿದೆವು. ಹಾಲಂತೂ ಬಿಟ್ಟರೆ ಬಿಡಲಿ. ದೊಡ್ಡ ಬೆಕ್ಕುಗಳಲ್ಲಿ ಎಷ್ಟಕ್ಕೋ ಅದು ಅರಗುವುದಿಲ್ಲ, ಭೇದಿಯಾಗುತ್ತದೆ.

ಭದ್ರಾವತಿಯಿಂದ:
ಊಟದಲ್ಲಿ ಮಾತ್ರೆ ಬೆರೆಸಿದ್ದಿರಾ? ನಮ್ಮ ಓಣಿಯ ಒಂದು ಬೆಕ್ಕು ಮಾತ್ರೆ ಇಟ್ಟ ಬಂಗುಡೆ ತಿಂದ ಮೇಲೆ ಬಂಗುಡೆಯನ್ನೇ ಬಿಟ್ಟಿತು. ಕಹಿ ಅವಕ್ಕೆ ಬೇಗ ಗೊತ್ತಾಗುತ್ತದೆ. ಒಣಮೀನು ಕೊಡುವುದಾದರೆ ನೆನೆಸಿ, ತೊಳೆದು ಕೊಡಿ, ಉಪ್ಪು ಜಾಸ್ತಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಅನ್ನ ಇಬ್ಬರಿಗೂ ಬೇಡ. ನಾಯಿ ಆಸೆಯಿಂದ ತಿಂದರೂ ಅದರ ರಕ್ತಕ್ಕೆ ಕೆಟ್ಟದ್ದು.

ಶಿವಮೊಗ್ಗದಿಂದ:
ಬೆಕ್ಕು ಹಾಲನ್ನ ಮಾತ್ರ ಬಿಟ್ಟಿದೆಯೋ, ಎಲ್ಲವನ್ನೂ ಬಿಟ್ಟಿದೆಯೋ? ಅದನ್ನು ಮೊದಲು ನೋಡಿ. ನಾಯಿ ಒಂದು ದಿನ ಉಪವಾಸ ಇದ್ದರೂ ತಡೆಯುತ್ತದೆ. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ, ದಪ್ಪ ಬೆಕ್ಕಿಗಂತೂ ಇನ್ನೂ ಬೇಗ. ಅಲ್ಲಿಯವರೆಗೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಅದಕ್ಕೆ ವಯಸ್ಸೆಷ್ಟು, ಮೂಗು ಸೋರುತ್ತಿದೆಯಾ, ಬಾಯಿ ವಾಸನೆ ಬರುತ್ತಿದೆಯಾ, ಇಷ್ಟು ತಿಳಿಸಿ.