ಹವಳದ ತೊಟ್ಟಿಯ ಪಾಚಿಗಳು: ‘ಕಳೆಪಾಚಿ’ ಎನ್ನಬಹುದೇ?

ಪ್ರಶ್ನೆ

ಗೆಳೆಯರೇ, ಉಪ್ಪುನೀರಿನ ರೀಫ್ ಅಕ್ವೇರಿಯಂ (ಹವಳದ ತೊಟ್ಟಿ) ಸಾಕುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಬಂಡೆ, ಮರಳು, ಗಾಜಿನ ಮೇಲೆ ಬೇಡದೆ ಬೆಳೆಯುವುದಕ್ಕೆಲ್ಲ ಕರಡಿನಲ್ಲಿ ‘ಪಾಚಿ’ ಎಂದೇ ಇದೆ. ‘ಶೈವಲ’ ಇರಲಿ ಎನ್ನುವವರಿದ್ದಾರೆ, ‘ಹಾವಸೆ’ ಎನ್ನುವವರೂ ಇದ್ದಾರೆ. ಆದರೆ ಒಂದೇ ಹೆಸರಿಟ್ಟರೆ ಓದುಗರು ಎಲ್ಲಕ್ಕೂ ಒಂದೇ ಮದ್ದು ಮಾಡುತ್ತಾರೆ. ಒಟ್ಟು ಗುಂಪಿಗೆ ‘ಕಳೆಪಾಚಿ’ ಆದೀತೇ? ಒಳಗಿನ ಬಗೆಗಳಿಗೆ ಏನೆನ್ನೋಣ?

ಉತ್ತರ 1

‘ಕಳೆಪಾಚಿ’ ಚೆನ್ನಾಗಿದೆ. ಪಾಚಿಯೆಲ್ಲ ಬೇಡದ್ದಲ್ಲ ಎಂಬುದು ಅದರಲ್ಲೇ ಇದೆ. ಬಂಡೆಗೆ ಗುಲಾಬಿ ಬಣ್ಣ ಕೊಡುವ ಸುಣ್ಣಪಾಚಿ ತೊಟ್ಟಿಗೆ ಬೇಕು. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವುದನ್ನೂ ‘ಹಾವಸೆ’ ಎನ್ನುವುದರಿಂದ ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ಉದ್ದ ಹಸಿರು ಎಳೆಗಳದ್ದು ‘ಕೂದಲುಪಾಚಿ’. ಪಂಪು ನಿಲ್ಲಿಸಿ ಕೈಯಿಂದ ಕಿತ್ತು, ತುಣುಕುಗಳನ್ನು ಪೈಪಿನಿಂದ ಹೀರಿ ತೆಗೆಯಬೇಕು. ಆಮೇಲೆ ಮೇವು ಕಡಿಮೆ ಮಾಡಿ ಫಾಸ್ಫೇಟನ್ನು 0.03ರಿಂದ 0.1 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ನಡುವೆ ತರಬೇಕು. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು ಹಾಕುವವರು ಸ್ವಲ್ಪಸ್ವಲ್ಪವೇ ಹಾಕಲಿ. ಫಾಸ್ಫೇಟ್ ಒಮ್ಮೆಲೇ ಕುಸಿದರೆ ಹವಳ ಬಿಳಿಚಿಕೊಳ್ಳುತ್ತದೆ.

ಇದರ ಹಾಗೇ ಕಾಣುವ ಬ್ರಯೋಪ್ಸಿಸ್ ಎಂಬ ಹಸಿರು ಪಾಚಿಗೆ ಮಾತ್ರ ಬೇರೆ ಹೆಸರು ಬೇಕೇ ಬೇಕು. ಮಸೂರದಡಿ ನೋಡಿದರೆ ಪ್ರತಿ ಎಳೆಗೂ ಎರಡು ಬದಿ ಕವಲು, ಥೇಟ್ ಹಕ್ಕಿಯ ಗರಿ. ‘ಗರಿಪಾಚಿ’ ಎಂದರೆ ಗುರುತೂ ಹೇಳಿದಂತಾಗುತ್ತದೆ. ಫಾಸ್ಫೇಟ್ ಇಳಿಸಿದರೆ ಇದು ಹೋಗುವುದಿಲ್ಲ. ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕ ಮದ್ದು ಬೇಕು: ಲೀಟರಿಗೆ ಸುಮಾರು 5 ಮಿಲಿಗ್ರಾಂ, ಅಂದರೆ 150 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ 30 ಲೀಟರಿಗೆ. ಲೆಕ್ಕ ಹಾಕುವಾಗ ಬಂಡೆ, ಮರಳು ಹಿಡಿದ ಜಾಗ ಕಳೆಯಬೇಕು. ಫಿಲ್ಟರಿನ ಕಾರ್ಬನ್ (ಇದ್ದಿಲು) ತೆಗೆದಿಡದಿದ್ದರೆ ಅದೇ ಮದ್ದನ್ನು ಹೀರಿಬಿಡುತ್ತದೆ. ಎರಡು ಮೂರು ವಾರ ಕಾಯಬೇಕು.

ಹಸಿರು ಗುಳ್ಳೆಗಳಾಗಿ ಬೆಳೆಯುವ ವಲೋನಿಯಾಗೆ ‘ಗುಳ್ಳೆಪಾಚಿ’. ತೊಟ್ಟಿಯೊಳಗೆ ಒಡೆಯದೆ ಬುಡಸಮೇತ ಎಬ್ಬಿಸಬೇಕು. ಹೊಸ ತೊಟ್ಟಿಯ ಮರಳಿನ ಮೇಲೆ ಧೂಳಿನಂತೆ ಕೂರುವ ಡೈಯಾಟಮ್ ಎಂಬ ಒಂದೇ ಕೋಶದ ಪಾಚಿಗೆ ‘ಕಂದುಪುಡಿ’ ಸಾಕು. ನೀರಿನ ಸಿಲಿಕೇಟ್ ಮುಗಿದರೆ ತಾನೇ ಹೋಗುತ್ತದೆ. ಹೋಗದಿದ್ದರೆ ಆರ್‌ಓ ನೀರನ್ನು ಅನುಮಾನಿಸಿ. ಮನೆಬಳಕೆಯ ಎಷ್ಟೋ ಯಂತ್ರಗಳಲ್ಲಿ ರುಚಿಗಾಗಿ ಸೋಸದ ಹಸಿನೀರು ಬೆರೆಸುವ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ತಿರುಪು ಇರುತ್ತದೆ. ಅದನ್ನು ಮುಚ್ಚಿ, ಮುಂದೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಜೋಡಿಸಿ, ಟಿಡಿಎಸ್ ಮೀಟರ್ 0 ತೋರಿಸುವಂತೆ ಮಾಡಬೇಕು.

ಉತ್ತರ 2

ಹಿಂದಿನವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ.

ಹಾಳೆಯಂತೆ ಎದ್ದುಬರುವ ಕೆಂಪು ಪದರ ಸಯನೋಬ್ಯಾಕ್ಟೀರಿಯಾ; ನಿಜಕ್ಕೂ ಪಾಚಿಯಲ್ಲ, ಬ್ಯಾಕ್ಟೀರಿಯಾ. ಭತ್ತದ ಗದ್ದೆಗೆ ಗೊಬ್ಬರವಾಗಿ ಬಿಡುವ ‘ನೀಲಿ-ಹಸಿರು ಪಾಚಿ’ಯ ಬಳಗವೇ ಇದು. ಕೈಪಿಡಿಯಲ್ಲಿ ‘ಕೆಂಪುಪೊರೆ’ ಎಂದಿರಲಿ, ಪಾಚಿ ಎಂಬ ಮಾತೇ ಬೇಡ. ಇದರಲ್ಲಿ ಕೆಲವು ಗಾಳಿಯಿಂದ ಬಂದ ಸಾರಜನಕವನ್ನೇ ಹಿಡಿದುಕೊಳ್ಳುವುದರಿಂದ ನೈಟ್ರೇಟ್ ಇಳಿಸಿದ ಮಾತ್ರಕ್ಕೆ ಸಾಯುವುದಿಲ್ಲ. ಪೊರೆಯನ್ನು ಹೀರಿ ತೆಗೆದು, ನೀರಿನ ಹರಿವು ಮುಟ್ಟದ ಮೂಲೆಗೆ ಪಂಪು ತಿರುಗಿಸಬೇಕು. ಆಂಟಿಬಯೋಟಿಕ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಸತ್ತ ಪೊರೆ ಕೊಳೆಯುವಾಗ ಆಮ್ಲಜನಕ ಇಳಿದು ಮೀನುಗಳೇ ಮೇಲೆ ಬಂದು ಬಾಯಿ ತೆರೆಯುತ್ತವೆ.

ಇನ್ನೊಂದು, ಡೈನೋಫ್ಲ್ಯಾಜೆಲೇಟ್ ಎಂಬ ಒಂದೇ ಕೋಶದ ಸೂಕ್ಷ್ಮಜೀವಿ. ಇದನ್ನು ‘ಕಂದುಲೋಳೆ’ ಎಂದರೆ ‘ಕಂದುಪುಡಿ’ಯ ಜೊತೆ ಖಂಡಿತ ಗೊಂದಲ. ಹವಳದ ಮೈಯೊಳಗಿದ್ದು ಅದಕ್ಕೆ ಉಣಿಸುವ ಜೀವಿಗಳೂ ಡೈನೋಫ್ಲ್ಯಾಜೆಲೇಟ್‌ಗಳೇ ಆದ್ದರಿಂದ ‘ಕಳೆ’ ಸೇರಿಸಿ ‘ಕಳೆಡೈನೋ’ ಎನ್ನೋಣ. ಗುರುತು ಹೀಗೆ ಬರೆಯಿರಿ: ಗುಳ್ಳೆ ಹೊತ್ತ ಕಂದು ದಾರಗಳು, ರಾತ್ರಿ ತೆಳುವಾಗಿ ಹಗಲು ಮತ್ತೆ ದಟ್ಟ, ಬಸವನಹುಳುಗಳು ಒಂದೊಂದೇ ಸಾಯುವುದು. ಸ್ವಲ್ಪ ಲೋಳೆಯನ್ನು ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿಡಿ. ಗಂಟೆಯೊಳಗೆ ಮತ್ತೆ ದಾರ ಕಟ್ಟಿದರೆ ಬಹುಪಾಲು ಇದೇ.

ನೈಟ್ರೇಟ್, ಫಾಸ್ಫೇಟ್ ಎರಡೂ 0 ಆದ ತೊಟ್ಟಿಯಲ್ಲಿ, ಪೈಪೋಟಿ ಕೊಡುವ ಪಾಚಿ, ಬ್ಯಾಕ್ಟೀರಿಯಾ ಸೊರಗಿದಾಗ ಇದು ಮೇಲೇಳುತ್ತದೆ. ಕೂದಲುಪಾಚಿಗೆ ಹೇಳಿದ ಹರಳನ್ನು ಇಲ್ಲಿ ಹಾಕಿದರೆ ಕಾಟ ಇಮ್ಮಡಿ. ಹರಳು ತೆಗೆದು, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.1 ಪಿಪಿಎಂ ಸುತ್ತ ನಿಲ್ಲುವಂತೆ ಅವೆರಡನ್ನೂ ನೀರಿಗೆ ಬೆರೆಸಬೇಕು. ಕಳೆಡೈನೋಗಳಲ್ಲಿ ಆಸ್ಟ್ರಿಯೋಪ್ಸಿಸ್ ಎಂಬ ಬಗೆ ರಾತ್ರಿ ನೀರಿಗೆ ಏಳುವುದರಿಂದ ತೊಟ್ಟಿಯಿಂದ ನೇರ ನೀರು ಎಳೆಯುವ ಯುವಿ (ಅತಿನೇರಳೆ) ದೀಪಕ್ಕೆ ಸಿಗುತ್ತದೆ. ಆಂಫಿಡಿನಿಯಂ ಎಂಬ ಬಗೆ ಮರಳು ಬಿಟ್ಟು ಹೊರಡುವುದಿಲ್ಲ, ಅದಕ್ಕೆ ಯುವಿ ದಂಡ. ಯಾವುದೆಂದು 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಯುವಿ ಕೊಳ್ಳಲಿ ಎಂದು ಆ ನಮೂದಿನಲ್ಲೇ ಸೇರಿಸಿ.